ವಾಲಗದ ಮುನಿಕೃಷ್ಣನ ವಸಡು

ದೊಡ್ಡಆಲಹಳ್ಳಿಯ ಮುನಿಕೃಷ್ಣ ನಾಗಸ್ವರ ಊದುವವನು. ನಮ್ಮ ಕಡೆ ಅದನ್ನು ಹಾಗೆ ಯಾರೂ ಹೇಳುವುದಿಲ್ಲ. ‘ವಾಲಗದ ಮುನಿಕೃಷ್ಣ’ ಅಂದರೆ ಕನಕಪುರದಿಂದ ಮಾಗಡಿಯವರೆಗಿನ ಮದುವೆ ಛತ್ರಗಳಲ್ಲೆಲ್ಲ ಗೊತ್ತು. ಅವನ ಅಪ್ಪ ಊದುತ್ತಿದ್ದರು, ತಾತ ಊದುತ್ತಿದ್ದರು. ಡೋಲು ಬಾರಿಸುವ ಚೆಲುವಯ್ಯ ಅವನ ಸೋದರಮಾವ. ಇಬ್ಬರೂ ನಡುವೆ ಡೋಲು ಇಟ್ಟುಕೊಂಡು ಒಂದೇ ಬೈಕಿನಲ್ಲಿ ಹೋಗುತ್ತಾರೆ. ದೂರದ ಮದುವೆಯಾದರೆ ಬಸ್ಸು.

ಈಗ ಮದುವೆಗಳಿಗೆ ಡಿಜೆ ಬಂದಿದೆ, ಕೇರಳದ ಚಂಡೆ ಬಂದಿದೆ. ಆದರೂ ತಾಳಿ ಕಟ್ಟುವ ಗಳಿಗೆಗೆ ಗಟ್ಟಿಮೇಳ ಬೇಕೇ ಬೇಕು. ಪುರೋಹಿತರು ಕೈಯೆತ್ತಿ ಸನ್ನೆ ಮಾಡಿದ ಕೂಡಲೇ ಡೋಲು, ನಾಗಸ್ವರ ಎರಡೂ ಒಟ್ಟಿಗೆ ಎದ್ದು ಛತ್ರದ ಗದ್ದಲವನ್ನೆಲ್ಲ ಮುಚ್ಚಿಹಾಕಬೇಕು. ಮುನಿಕೃಷ್ಣನ ಹೆಸರು ನಿಂತಿದ್ದದ್ದು ಆ ಗಳಿಗೆಯ ಮೇಲೇ. ಮೇಲಿನ ಸ್ವರವನ್ನು ಹಿಡಿದನೆಂದರೆ ಅಕ್ಷತೆ ಬಿದ್ದು ಮುಗಿಯುವವರೆಗೂ ಬಿಡುತ್ತಿರಲಿಲ್ಲ.

ಹದಿಹರೆಯದಲ್ಲೇ ಬೀಡಿ ಕಲಿತಿದ್ದ. ಊದುವವನಿಗೆ ಬೀಡಿ ಒಳ್ಳೆಯದಲ್ಲ ಎಂದು ಅಪ್ಪ ಹೇಳಿದ್ದರು, ಹೇಳುತ್ತಲೇ ತಾವೂ ಸೇದುತ್ತಿದ್ದರು. ಮುನಿಕೃಷ್ಣನ ಹೆಂಡತಿ ರಾಧಾಮಣಿ ಕನಕಪುರದ ಗಾರ್ಮೆಂಟ್ಸ್‌ಗೆ ಹೋಗುವವಳು. ಇಡೀ ದಿನ ಬಟ್ಟೆಯ ಧೂಳು ಕುಡಿದು ಮನೆಗೆ ಬಂದರೆ ಇಲ್ಲಿ ಬೀಡಿಯ ಹೊಗೆ. ಅದಕ್ಕೆ ಅವಳು ಮುನಿಸಿಕೊಳ್ಳದ ವಾರವಿರಲಿಲ್ಲ. ಕೊರೊನಾ ಬಂದು ಹೋದ ಮೇಲೆ ಮುನಿಕೃಷ್ಣನಿಗೆ ಬಹಳ ದಿನ ಕೆಮ್ಮು ನಿಲ್ಲಲಿಲ್ಲ. ಉಸಿರು ಅರ್ಧಕ್ಕೇ ಮುಗಿದುಹೋಗುತ್ತಿತ್ತು. ಆಗ ಅವನಿಗೇ ಭಯವಾಗಿ ಬೀಡಿ ಬಿಡಬೇಕೆಂದು ನಿಶ್ಚಯಿಸಿದ. ಎರಡು ಸಲ ಬಿಟ್ಟ, ಎರಡು ಸಲವೂ ಮತ್ತೆ ಹಿಡಿದ.

ಕನಕಪುರದ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದ ಅಶ್ವಥ್ ಅವನ ಜೊತೆ ಓದಿದವನು. ಒಂದು ದಿನ ಫೋನಿಗೆ ಗಾಜು ಹಾಕಿಸಲು ಹೋದಾಗ ಅಶ್ವಥ್ ಕವರುಗಳ ಡಬ್ಬಿಯ ತಳದಿಂದ ಪೆನ್ನಿನಂಥದ್ದೊಂದನ್ನು ತೆಗೆದು ಕೈಗಿಟ್ಟ.

“ಏನ್ಲಾ ಇದು?”

“ವೇಪು ಅಂತಾರೆ. ಇದ್ರಲ್ಲಿ ಹೊಗೆ ಇಲ್ಲ ಕಣ್ಲಾ, ಹಬೆ. ಒಳಗೆ ಬೆಂಕೀನೇ ಇಲ್ಲ. ಬೀಡಿ ಬುಡೋರ್ಗೆ ಅಂತ್ಲೇ ಮಾಡವ್ರೆ. ಒಂದಪ ಎಳ್ದು ನೋಡು.”

ಸರ್ಕಾರ ಅದನ್ನು ಮಾರಬಾರದೆಂದು ನಿಷೇಧಿಸಿ ಆಗಲೇ ವರ್ಷಗಳಾಗಿದ್ದವು. ಅದಕ್ಕೇ ಡಬ್ಬಿಯ ತಳ. ಮುನಿಕೃಷ್ಣನಿಗೆ ಅದು ಗೊತ್ತಿರಲಿಲ್ಲ, ಅಶ್ವಥ್ ಹೇಳಲೂ ಇಲ್ಲ. ಎಳೆದು ನೋಡಿದ. ಪುದೀನದ ತಂಪು ಗಂಟಲಿಗಿಳಿಯಿತು. ಕೆಮ್ಮು ಬರಲಿಲ್ಲ, ಬೆರಳಿಗೆ ನಾತ ಹತ್ತಲಿಲ್ಲ. ಮನೆಗೆ ಹೋಗಿ ರಾಧಾಮಣಿಗೂ ತೋರಿಸಿದ. ಬೀಡಿ ಬಿಡಿಸುವ ಔಷಧಿ ಎಂದೇ ಹೇಳಿದ, ಹಾಗೆಂದೇ ನಂಬಿದ್ದ. ತಿಂಗಳೊಳಗೆ ಬೀಡಿ ನಿಜವಾಗಿಯೂ ನಿಂತುಹೋಯಿತು. ರಾಧಾಮಣಿ ಅದನ್ನು ಗಾರ್ಮೆಂಟ್ಸಿನ ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗಿದಳು.

ಬೀಡಿಯಾದರೆ ಎದ್ದು ಹೊರಗೆ ಹೋಗಬೇಕು, ಕಡ್ಡಿ ಗೀರಬೇಕು, ಬಂದು ಬಾಯಿ ಮುಕ್ಕಳಿಸಬೇಕು. ಈ ಪೆನ್ನು ಜೇಬಿನಲ್ಲೇ ಇರುತ್ತಿತ್ತು. ಛತ್ರದ ಪರದೆಯ ಹಿಂದೆ, ಬಸ್ಸಿನ ಕೊನೆಯ ಸೀಟಿನಲ್ಲಿ, ಊಟದ ಸಾಲಿಗೆ ಕಾಯುವಾಗ, ಮಲಗುವ ಮುಂಚೆ, ಎಲ್ಲಿ ಬೇಕಾದರೂ ಎಳೆಯಬಹುದಾಗಿತ್ತು. ಯಾರೂ ಮುಖ ಸಿಂಡರಿಸುತ್ತಿರಲಿಲ್ಲ. ಹಾಗಾಗಿ ಬೀಡಿ ಸೇದುತ್ತಿದ್ದುದಕ್ಕಿಂತ ಹೆಚ್ಚು ಸಲ ಅದನ್ನು ಎಳೆಯತೊಡಗಿದ. ಲೆಕ್ಕವೇ ಸಿಗುತ್ತಿರಲಿಲ್ಲ.

ಮೊದಲು ಕೆಟ್ಟದ್ದು ಪೀಪಿ. ನಾಗಸ್ವರದ ತುದಿಗೆ ಸಿಕ್ಕಿಸುವ, ಹುಲ್ಲಿನಿಂದ ಮಾಡಿದ ಪುಟ್ಟ ಪೀಪಿಯಿಂದಲೇ ಸ್ವರ ಹುಟ್ಟುವುದು. ಅದನ್ನು ತುಟಿಗಳ ನಡುವೆ ಇಟ್ಟುಕೊಂಡು ಎಂಜಲಿನಿಂದ ನೆನೆಸಿ ಹದ ಮಾಡಬೇಕು. ಒಣಗಿದರೆ ಕೀರಲು ದನಿ ಬರುತ್ತದೆ, ಇಲ್ಲವೇ ಬರೀ ಗಾಳಿ. ಮುನಿಕೃಷ್ಣನ ಪೀಪಿಗಳು ಒಂದಾದ ಮೇಲೊಂದು ಕೈಕೊಡತೊಡಗಿದವು. ಹುಲ್ಲು ಸರಿಯಿಲ್ಲ ಎಂದ. ತಮಿಳುನಾಡಿನಿಂದ ಹೊಸದು ತರಿಸಿದ, ಅದೂ ಹಾಗೇ ಆಯಿತು. ಕಳಿಸಿದವನಿಗೆ ಫೋನ್ ಮಾಡಿ ಬೈದ. ಹದವಾದ ಹಳೆಯ ಪೀಪಿಗಳನ್ನೂ ಎಸೆದುಬಿಟ್ಟ.

ಸರಿಯಿಲ್ಲದಿದ್ದದ್ದು ಅವನ ಬಾಯಿ. ಎಂಜಲೇ ಊರುತ್ತಿರಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಒಂದು ರಾಗ ಮುಗಿಯುವಷ್ಟರಲ್ಲಿ ನೀರಿನ ಬಾಟಲಿಗೆ ಕೈ ಹಾಕುತ್ತಿದ್ದ. ತುಟಿಯ ಮೂಲೆ ಸೀಳಿ ಉರಿಯುತ್ತಿತ್ತು. ಬೇಸಿಗೆ, ಉಷ್ಣ ಆಗಿದೆ ಎಂದು ಎಳನೀರು ಕುಡಿದ, ಕಾಮಕಸ್ತೂರಿ ನೆನೆಸಿಕೊಂಡು ಕುಡಿದ. ಕುಡಿದ ಮೇಲೆ ಮತ್ತೆ ಪೆನ್ನು ಎಳೆದ.

ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಕೂತಿದ್ದಾಗ ಚೆಲುವಯ್ಯ ಅವನ ಮುಖವನ್ನೇ ನೋಡಿದ.

“ಮುನಿ, ನಿನ್ ಮುಂದಿನ್ ಹಲ್ಲು ಉದ್ದ ಆದಂಗೆ ಕಾಣ್ತವಲ್ಲ.”

“ಹಲ್ಲು ಎಲ್ಲಾದ್ರೂ ಬೆಳಿತದಾ ಮಾವ?”

“ನಂಗೇನ್ ಗೊತ್ತು. ಕಾಣೋದು ಹೇಳ್ದೆ. ಒಸಿ ಯಾರ್ಗಾರ ತೋರ್ಸು.”

ಮುನಿಕೃಷ್ಣ ಕನ್ನಡಿ ನೋಡಿಕೊಂಡ. ವಸಡು ಮೇಲಕ್ಕೆ ಸರಿದಿತ್ತು. ನೋವಿರಲಿಲ್ಲ. ಹಲ್ಲುಜ್ಜುವಾಗ ಒಂದು ಹನಿ ರಕ್ತವೂ ಬರುತ್ತಿರಲಿಲ್ಲ. ಬೀಡಿ ಸೇದುವ ದಿನಗಳಲ್ಲಾದರೂ ಅಪರೂಪಕ್ಕೊಮ್ಮೆ ಬರುತ್ತಿತ್ತು. ರಕ್ತ ಬರದಿದ್ದ ಮೇಲೆ ವಸಡು ಗಟ್ಟಿಯಾಗಿದೆ ಎಂದೇ ಅವನ ತಿಳಿವಳಿಕೆ. ಹತ್ತಿರ ಬಂದರೆ ಪುದೀನದ ಅಡಿಯಲ್ಲಿ ಇನ್ನೇನೋ ವಾಸನೆ ಬರುತ್ತದೆಂದು ರಾಧಾಮಣಿ ಹೇಳಿದಾಗ ಪೇಸ್ಟು ಬದಲಾಯಿಸಿದ.

ಹೀಗಿರುವಾಗ ಮಾಗಡಿಯ ಮದುವೆ ಬಂತು. ಅಲ್ಲಿಯ ದೊಡ್ಡಲಕ್ಷ್ಮಮ್ಮ ತೆಂಗಿನ ತೋಟ, ರಾಗಿ ಹೊಲ ಇಟ್ಟುಕೊಂಡ ಮನೆತನದ ಹಿರಿಯಾಕೆ. ಮೊಮ್ಮಗಳ ಮದುವೆಗೆ ಹುಡುಗರೆಲ್ಲ ಬ್ಯಾಂಡ್‌ಸೆಟ್ ಹೇಳಿದ್ದರು. ಮುದುಕಿ ಒಪ್ಪದೆ ಹಟ ಹಿಡಿದು ಮುನಿಕೃಷ್ಣನನ್ನೇ ಗೊತ್ತು ಮಾಡಿಸಿದ್ದಳು. ತನ್ನ ಮದುವೆಗೆ ಅವನ ತಾತ ಊದಿದ್ದು ಅವಳ ನೆನಪಿನಲ್ಲಿತ್ತು.

ವರಪೂಜೆ, ಕನ್ಯಾದಾನದವರೆಗೂ ಹೇಗೋ ನಡೆಯಿತು. ಮಾಂಗಲ್ಯವನ್ನು ಎಲ್ಲರ ಕೈಗೆ ಮುಟ್ಟಿಸಿ ತಂದರು. ಪುರೋಹಿತರು ಕೈಯೆತ್ತಿದರು. ಚೆಲುವಯ್ಯನ ಡೋಲು ಎದ್ದಿತು. ಮುನಿಕೃಷ್ಣ ಪೀಪಿಯನ್ನು ತುಟಿಯಲ್ಲಿ ಒತ್ತಿ ಮೇಲಿನ ಸ್ವರಕ್ಕೆ ಉಸಿರು ಕೊಟ್ಟ. ಮೇಲಿನ ಸಾಲಿನ ಮುಂದಿನ ಹಲ್ಲೊಂದು ತುಟಿಯ ಒತ್ತಡಕ್ಕೆ ಒಳಮುಖವಾಗಿ ವಾಲಿದ್ದು ಅವನಿಗೆ ಗೊತ್ತಾಯಿತು. ದವಡೆಯೊಳಗೆ ಛಳಕು ಎದ್ದಿತು. ಪೀಪಿ ತಪ್ಪಿ ಬರೀ ಗಾಳಿ ಹೋಯಿತು. ಮತ್ತೆ ಒತ್ತಿದ, ಒಂದು ಕೀರಲು ಬಂತು. ಮೂರನೆಯ ಸಲಕ್ಕೆ ಅದೂ ಇಲ್ಲ. ಚೆಲುವಯ್ಯ ಅವನ ಕಡೆ ಒಮ್ಮೆ ನೋಡಿ, ಎರಡು ಪಟ್ಟು ಜೋರಾಗಿ ಬಾರಿಸಿದ. ತಾಳಿ ಕಟ್ಟಿದ್ದು ಡೋಲಿನ ಸದ್ದಿಗೇ. ಫೋಟೋದವರ ಗಡಿಬಿಡಿಯಲ್ಲಿ ಅರ್ಧ ಜನಕ್ಕೆ ಗೊತ್ತಾಗಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ದೊಡ್ಡಲಕ್ಷ್ಮಮ್ಮ ಮಾತ್ರ ಅಕ್ಷತೆಯನ್ನು ಕೈಯಲ್ಲೇ ಹಿಡಿದುಕೊಂಡು ವಾಲಗದ ಕಡೆ ತಿರುಗಿ ನೋಡುತ್ತಿದ್ದಳು.

ಆಮೇಲೆ ಅವನೇ ಹೋಗಿ ಅವಳ ಮುಂದೆ ನಿಂತ. “ತಪ್ಪಾಯ್ತು ಅವ್ವ,” ಅಂದ.

“ಉಂಡ್ಕೊಂಡು ಹೋಗಪ್ಪ,” ಅಂದಳು ಅವಳು. ಅಷ್ಟೇ.

ಬೈದಿದ್ದರೆ ಚೆನ್ನಾಗಿತ್ತು ಎಂದು ಮುನಿಕೃಷ್ಣನಿಗೆ ಅನ್ನಿಸಿತು. ಎಲೆಯ ಮುಂದೆ ಕೂತ, ವಡೆಯನ್ನು ಕಚ್ಚಲಾಗಲಿಲ್ಲ. ಸಾರಿನಲ್ಲಿ ಅನ್ನ ಕಲಸಿ ನುಂಗಿ ಎದ್ದ. ವಾಪಸ್ ಹೋಗಲು ರಾಮನಗರದ ಬಸ್ಸು ಹತ್ತಿದರು. ಮುನಿಕೃಷ್ಣ ಪೆನ್ನು ತೆಗೆದಾಗ ಚೆಲುವಯ್ಯ ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡಿದ.

ಮರುವಾರ ರಾಧಾಮಣಿ ಕೆಲಸಕ್ಕೆ ರಜೆ ಹಾಕಿ ಅವನನ್ನು ರಾಮನಗರಕ್ಕೆ ಕರೆದುಕೊಂಡು ಹೋದಳು. ಅಲ್ಲಿ ನೂರೀನ್ ಎಂಬ ಹಲ್ಲಿನ ಡಾಕ್ಟರು ಇದ್ದರು. ರೇಷ್ಮೆ ನೂಲು ತೆಗೆಯುವ ಮನೆತನದ ಹೆಣ್ಣುಮಗಳು. ಕ್ಲಿನಿಕ್ಕಿನ ಹಿಂದೆಯೇ ನೂಲು ತೆಗೆಯುವ ಅವರ ತಂದೆಯ ಕಾರ್ಖಾನೆ, ಫಿಲೇಚರು. ಬೆಂದ ರೇಷ್ಮೆಗೂಡಿನ ವಾಸನೆ ಕಾಯುವ ಬೆಂಚಿನವರೆಗೂ ಬರುತ್ತಿತ್ತು.

ನೂರೀನ್ ಸಣ್ಣ ಕಡ್ಡಿಯೊಂದನ್ನು ಹಲ್ಲು ಮತ್ತು ವಸಡಿನ ಸಂದಿಗೆ ಇಳಿಸಿ ಇಳಿಸಿ ನೋಡಿದರು. ಎಕ್ಸ್‌ರೇ ತೆಗೆಸಿದರು.

“ಬೀಡಿ, ಸಿಗರೇಟು?”

“ಬುಟ್ಬುಟ್ಟೆ ಮೇಡಂ. ಎರಡ್ ವರ್ಸದ ಮ್ಯಾಲಾಯ್ತು.”

“ಹೌದು ಮೇಡಂ, ಒಂದೂ ಮುಟ್ಟಿಲ್ಲ,” ಎಂದು ರಾಧಾಮಣಿಯೂ ಸಾಕ್ಷಿ ಹೇಳಿದಳು.

“ಹೊಗೆಸೊಪ್ಪು, ಗುಟ್ಕಾ, ಏನಾದರೂ?”

“ಇಲ್ಲ ಮೇಡಂ.”

ನೂರೀನ್ ಮತ್ತೊಮ್ಮೆ ಬಾಯಿ ನೋಡಿದರು. “ಕಡ್ಡಿ ಇಷ್ಟು ಆಳಕ್ಕೆ ಇಳೀತಿದೆ. ಇಂಥ ವಸಡು ಮುಟ್ಟಿದರೆ ರಕ್ತ ಬರಬೇಕು. ನಿಮಗೆ ಬರ್ತಾನೇ ಇಲ್ಲ, ಬಿಳಚಿಕೊಂಡಿದೆ. ಬಾಯಿ ಒಣಗಿ ಹೋಗಿದೆ. ಬೇರೆ ಏನಾದರೂ ಎಳೀತೀರಾ?”

ಮುನಿಕೃಷ್ಣನಿಗೆ ಆಗ ಹೊಳೆಯಿತು. ಜೇಬಿನಿಂದ ಪೆನ್ನು ತೆಗೆದು ತಟ್ಟೆಯ ಮೇಲಿಟ್ಟ.

“ಅದು ಬೀಡಿ ಬುಡ್ಸೋ ಔಸ್ತಿ ಅಲ್ವಾ ಮೇಡಂ?” ಎಂದು ಕೇಳಿದವಳು ರಾಧಾಮಣಿ.

ಅಲ್ಲ ಎಂದು ನೂರೀನ್ ನಿಧಾನವಾಗಿ ಬಿಡಿಸಿ ಹೇಳಿದರು. ಬೀಡಿಯಲ್ಲಿರುವ ನಿಕೋಟಿನ್ ಇದರಲ್ಲೂ ಇರುತ್ತದೆ. ಅದು ವಸಡಿನ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಒಳಗೆ ಕೀವಾಗುತ್ತಿದ್ದರೂ ಹೊರಗೆ ರಕ್ತ ಕಾಣುವುದಿಲ್ಲ, ಹಾಗಾಗಿ ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ. ಪೆನ್ನಿನೊಳಗೆ ಹಬೆಯಾಗುವ ದ್ರವ ಬಾಯಿಯ ಪಸೆಯನ್ನು ಹೀರುತ್ತದೆ. ಎಂಜಲು ಕಡಿಮೆಯಾದರೆ ಹಲ್ಲಿಗೆ ಕಾವಲು ಇಲ್ಲದಂತಾಗಿ ಕ್ರಿಮಿಗಳು ಹೆಚ್ಚುತ್ತವೆ.

“ಎಲ್ಲಾನೂ ಇದರ ತಲೆಗೇ ಕಟ್ಟೋಕಾಗಲ್ಲ,” ಎಂದೂ ಸೇರಿಸಿದರು. “ಅಷ್ಟು ವರ್ಷ ಬೀಡಿ ಸೇದಿದ್ದೀರಿ, ಒಂದು ಸಲವೂ ಹಲ್ಲು ಕ್ಲೀನ್ ಮಾಡಿಸಿಲ್ಲ. ಬೀಡಿ ಬಿಟ್ಟಾಗ ಸುಧಾರಿಸಬೇಕಿತ್ತು, ಇದು ಸುಧಾರಿಸೋಕೆ ಬಿಡಲಿಲ್ಲ.” ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಮುಂದಿನ ಹಲ್ಲುಗಳ ಬುಡದಲ್ಲಿ ಇರಬೇಕಾದ ಮೂಳೆ ಅರ್ಧಕ್ಕಿಂತ ಹೆಚ್ಚು ಕರಗಿತ್ತು. “ಈ ಒಂದು ಹಲ್ಲು ಉಳಿಯಲ್ಲ. ಪಕ್ಕದ ಎರಡನ್ನ ಉಳಿಸೋಕೆ ನೋಡೋಣ. ಹೋದ ಮೂಳೆ ತಾನಾಗಿ ಬರಲ್ಲ.”

ಮುನಿಕೃಷ್ಣ ಕುರ್ಚಿಯಲ್ಲಿ ಒರಗಿಕೊಂಡೇ ಕೇಳಿದ. “ಊದೋಕೆ ಆಯ್ತದಾ ಮೇಡಂ?”

“ನಂಗೆ ಗೊತ್ತಿಲ್ಲ,” ಅಂದರು ನೂರೀನ್. “ನಾಗಸ್ವರ ಊದೋರು ಯಾರೂ ನನ್ನ ಹತ್ರ ಬಂದಿಲ್ಲ.”

ಆಷಾಢ ಬಂತು. ಮದುವೆಗಳಿಲ್ಲದ ತಿಂಗಳು, ಚಿಕಿತ್ಸೆಗೆ ಅನುಕೂಲವಾಯಿತು. ಹಲ್ಲು ಕೀಳಿಸಿಕೊಂಡ. ವಸಡಿನ ಅಡಿಯಲ್ಲಿ ಗಟ್ಟಿಯಾಗಿ ಕೂತಿದ್ದ ಕಿಟ್ಟವನ್ನು ನೂರೀನ್ ಭಾಗ ಭಾಗವಾಗಿ ಕೆರೆದು ತೆಗೆದರು. ಪೆನ್ನನ್ನು ಅವನು ರಾಧಾಮಣಿಯ ಕೈಗೆ ಕೊಟ್ಟುಬಿಟ್ಟ. ಮೊದಲ ಕೆಲವು ದಿನ ತಲೆನೋವು, ಸಿಡಿಮಿಡಿ. ಅದನ್ನು ತಡೆದುಕೊಂಡ. ಆದರೆ ಕೆಲವು ವಾರ ಕಳೆದ ಮೇಲೆ ಹಲ್ಲುಜ್ಜುವಾಗ ರಕ್ತ ಬರತೊಡಗಿತು. ಉಗಿದರೆ ಬಚ್ಚಲು ಕೆಂಪಾಗುತ್ತಿತ್ತು. ಇಷ್ಟು ದಿನ ಬಾರದ ರಕ್ತ ಈಗ, ಕ್ಲೀನ್ ಮಾಡಿಸಿದ ಮೇಲೆ ಬಂತಲ್ಲ ಎಂದು ಅವನು ಹೆದರಿದ. ಇರುವ ಹಲ್ಲುಗಳೂ ಹೋಗುತ್ತವೆ, ಡಾಕ್ಟರು ಕೆರೆದು ಕೆಡಿಸಿಬಿಟ್ಟರು ಎಂದು ಯೋಚಿಸಿದ. ಯಾರಿಗೂ ಹೇಳದೆ ಅಶ್ವಥನ ಅಂಗಡಿಗೆ ಹೋಗಿ ಹೊಸ ಪೆನ್ನು ತಂದ. ವಾರದಲ್ಲೇ ರಕ್ತ ಕಡಿಮೆಯಾಗುತ್ತ ಬಂದು ನಿಂತಿತು.

ಮುಂದಿನ ಸಲ ಕ್ಲಿನಿಕ್ಕಿಗೆ ಹೋದಾಗ ಅವನೇ ಮೊದಲು ಹೇಳಿದ. “ರಕ್ತ ಬತ್ತಿತ್ತು ಮೇಡಂ, ಈಗ ನಿಂತೋಯ್ತು.”

ನೂರೀನ್ ಮೇಲಿನ ತುಟಿ ಸರಿಸಿ ನೋಡಿದರು. ವಸಡು ಮತ್ತೆ ಬಿಳಚಿಕೊಂಡಿತ್ತು. “ಮತ್ತೆ ಶುರು ಮಾಡಿದ್ದೀರಿ,” ಅಂದರು, ಪ್ರಶ್ನೆಯ ಧಾಟಿಯಲ್ಲಲ್ಲ.

ಅವನು, “ರಕ್ತ ಕಂಡು ಹೆದ್ರಿಕೆ ಆಯ್ತು ಮೇಡಂ. ಅದ್ನ ಎಳ್ದ್ರೆ ನಿಲ್ತದೆ,” ಅಂದ.

ನೂರೀನ್ ಕೈಗವಸು ತೆಗೆದು ಪಕ್ಕದ ಸ್ಟೂಲಿನ ಮೇಲೆ ಕೂತರು. “ಅದು ನಿಲ್ಲೋದಲ್ಲ, ಮುಚ್ಚಿಹೋಗೋದು. ಬಿಟ್ಟ ಮೇಲೆ ವಸಡಿಗೆ ಮತ್ತೆ ರಕ್ತ ಓಡಾಡೋಕೆ ಶುರು ಆಗತ್ತೆ, ಅದಕ್ಕೇ ಒಂದಷ್ಟು ದಿನ ಜಾಸ್ತಿ ಬರೋದು. ಚೆನ್ನಾಗಿ ಉಜ್ಜುತ್ತಾ ಇದ್ದರೆ ಕ್ರಮೇಣ ತಾನಾಗೇ ಕಡಿಮೆ ಆಗತ್ತೆ. ಇದನ್ನ ನಿಮಗೆ ನಾನು ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ, ನನ್ನ ತಪ್ಪು.”

ಡಾಕ್ಟರೊಬ್ಬರು ತಮ್ಮದೇ ತಪ್ಪು ಅಂದಿದ್ದನ್ನು ಮುನಿಕೃಷ್ಣ ಅದಕ್ಕೆ ಮುಂಚೆ ಎಲ್ಲೂ ಕೇಳಿರಲಿಲ್ಲ. ಅವನು ಎದ್ದು ಕೂತ. ಈ ಸಲ ಬರೀ ಗಟ್ಟಿ ಮನಸ್ಸು ಸಾಲದೆಂದು ಅವರು ಚಟ ಇಳಿಸಲು ತೋಳಿಗೆ ಅಂಟಿಸಿಕೊಳ್ಳುವ ನಿಕೋಟಿನ್ ಪಟ್ಟಿ ಬರೆದುಕೊಟ್ಟು, ಅದನ್ನು ಕ್ರಮವಾಗಿ ಕಡಿಮೆ ಮಾಡುವುದು ಹೇಗೆಂದು ತಿಳಿಸಿದರು. ಸಂಜೆ ಮನೆಯಲ್ಲಿ ನಡೆದದ್ದನ್ನೆಲ್ಲ ರಾಧಾಮಣಿಗೆ ಹೇಳಿದ. ಅವಳು ಕೋಪಿಸಿಕೊಂಡು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಉಪ್ಪುನೀರು ಕಾಯಿಸಿ ಮುಂದೆ ತಂದಿಟ್ಟಳು.

ಅಶ್ವಥನಿಗೆ ಪೆನ್ನನ್ನು ವಾಪಸ್ ಕೊಡಲು ಹೋದ. “ಕೊಡು, ಇನ್ಯಾರ್ಗಾರ ಆಯ್ತದೆ,” ಅಂದ ಅಶ್ವಥ್. ಆ ಮಾತು ಕೇಳಿ ಮುನಿಕೃಷ್ಣ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

“ನೀನೂ ಇದ್ನೇ ಎಳೀತೀಯ, ಒಂದಪ ಹಲ್ ತೋರ್ಸ್ಕೊಳ್ಳಾ,” ಅಂದ.

“ನಂಗೇನಾಗದೆ? ಕಲ್ಲಿದ್ದಂಗವೆ,” ಎಂದು ಅಶ್ವಥ್ ನಕ್ಕು, ಬಂದ ಗಿರಾಕಿಯ ಕಡೆ ತಿರುಗಿದ.

ವಸಡು ಒಂದು ಹದಕ್ಕೆ ಬಂದ ಮೇಲೆ ಹಲ್ಲು ಕಟ್ಟುವ ಕೆಲಸ. ಅಲುಗಾಡುವ ಎರಡು ಹಲ್ಲುಗಳನ್ನು ಹಿಂಬದಿಯಿಂದ ಸಣ್ಣ ತಂತಿಯಲ್ಲಿ ಪಕ್ಕದ ಗಟ್ಟಿ ಹಲ್ಲುಗಳಿಗೆ ಬಿಗಿದು, ನಡುವೆ ಹೊಸ ಹಲ್ಲನ್ನು ಕೂರಿಸಬೇಕು. ಊದುವಾಗ ಯಾವ ಜಾಗಕ್ಕೆ ಎಷ್ಟು ಒತ್ತು ಬೀಳುತ್ತದೆಂದು ನೂರೀನ್‌ಗೆ ತಿಳಿಯದು. “ನಾಳೆ ಬರುವಾಗ ನಾಗಸ್ವರ ತನ್ನಿ,” ಅಂದರು.

ಅವನು ಚೆಲುವಯ್ಯನನ್ನೂ ಕರೆದುಕೊಂಡು ಹೋದ. ಹಲ್ಲಿನ ಕುರ್ಚಿಯ ಪಕ್ಕದಲ್ಲಿ ನಿಂತು, ತಾತ್ಕಾಲಿಕವಾಗಿ ಕೂರಿಸಿದ ಹಲ್ಲಿನೊಂದಿಗೆ, ಮಾಗಡಿಯ ಮದುವೆಯ ನಂತರ ಮೊದಲ ಸಲ ಪೀಪಿಯನ್ನು ಬಾಯಿಗಿಟ್ಟ. ಅದು ಎಂಜಲಿನಲ್ಲಿ ನೆನೆಯಿತು. ಕೆಳಗಿನ ಸ್ವರ ಬಂತು. ಆ ಸಣ್ಣ ಕೋಣೆಯಲ್ಲಿ ನಾಗಸ್ವರದ ದನಿ ಕಿವಿಗೆ ಹೊಡೆಯುವಷ್ಟಿತ್ತು. ಬೆಂಚಿನ ಮೇಲಿದ್ದವರು ಬಾಗಿಲಲ್ಲಿ ಬಂದು ನಿಂತರು. ಹಿಂದಿನ ಫಿಲೇಚರಿನಿಂದ ಹೆಂಗಸರು ಒದ್ದೆ ಕೈಯಲ್ಲೇ ಕಿಟಕಿಗೆ ಬಂದರು. ನೂರೀನ್ ಮಾತ್ರ ಅವನ ತುಟಿಯನ್ನೇ ನೋಡುತ್ತ, ನಿಲ್ಲಿಸಿ, ಹಲ್ಲಿನ ಅಂಚನ್ನು ಒಂದಿಷ್ಟು ತೇಯ್ದು, “ಈಗ?” ಎಂದು ಕೇಳುತ್ತಿದ್ದರು. ಮತ್ತೆ ಊದುತ್ತಿದ್ದ. ಮತ್ತೆ ತೇಯುತ್ತಿದ್ದರು. ಮೇಲಿನ ಸ್ವರ ಒಮ್ಮೆ ಬಂದು ನಡುಗಿ ಒಡೆಯಿತು.

“ಅದನ್ನ ಜಾಸ್ತಿ ಒತ್ತಬೇಡಿ,” ಅಂದರು ನೂರೀನ್. “ಈ ಹಲ್ಲು ತಡೆಯುತ್ತೆ, ಪಕ್ಕದ್ದು ತಡೆಯಲ್ಲ.”

ಮನೆಗೆ ಬಂದು ಚೆಲುವಯ್ಯನ ಜೊತೆ ಕೂತು ಎಲ್ಲವನ್ನೂ ಕೆಳಗಿನ ಸ್ವರಗಳಲ್ಲೇ ಊದುವುದನ್ನು ರೂಢಿ ಮಾಡಿಕೊಂಡ. ಗಟ್ಟಿಮೇಳಕ್ಕೆ ಉದ್ದನೆಯ ಸ್ವರ ಹಿಡಿಯುವ ಬದಲು ಸಣ್ಣ ಸಣ್ಣ ವರಸೆಗಳನ್ನು ಒಂದರ ಹಿಂದೊಂದು ಬಿಡತೊಡಗಿದ. ಸಂದು ಬಿದ್ದಲ್ಲಿ ಚೆಲುವಯ್ಯ ತುಂಬಿದ. “ಮುಂಚಿನಂಗಿಲ್ಲ,” ಎಂದು ಮುನಿಕೃಷ್ಣ ಪ್ರತಿದಿನವೂ ಹೇಳುತ್ತಿದ್ದ. “ಇಲ್ಲ,” ಎಂದು ಚೆಲುವಯ್ಯ ಒಪ್ಪಿಕೊಳ್ಳುತ್ತಿದ್ದ. ಸಮಾಧಾನಕ್ಕೆ ಸುಳ್ಳು ಹೇಳುವ ಅಭ್ಯಾಸ ಅವನಿಗಿಲ್ಲ.

ಕಾರ್ತಿಕದಲ್ಲಿ ಎರಡು ಮದುವೆಗಳನ್ನು ಬೇಡವೆಂದ, ಮೂರನೆಯದನ್ನು ಒಪ್ಪಿದ. ಚನ್ನಪಟ್ಟಣದ ಆ ಛತ್ರದಲ್ಲಿ ಪುರೋಹಿತರು ಕೈಯೆತ್ತಿದಾಗ ಅವನು ಒಮ್ಮೆ ಚೆಲುವಯ್ಯನ ಕಡೆ ನೋಡಿ ಪೀಪಿಯನ್ನು ತುಟಿಗೊತ್ತಿದ. ಸ್ವರ ಬಂತು. ತಾಳಿ ಕಟ್ಟಿದರು, ಜನ ಅಕ್ಷತೆ ಹಾಕಿ ಊಟಕ್ಕೆ ಎದ್ದರು. ವಾಲಗ ಚೆನ್ನಾಗಿತ್ತು ಎಂದು ಯಾರೂ ಹೇಳಲಿಲ್ಲ, ಚೆನ್ನಾಗಿಲ್ಲ ಎಂದೂ ಹೇಳಲಿಲ್ಲ. ಆ ದಿನ ಮುನಿಕೃಷ್ಣನಿಗೆ ಅದು ಸಾಕಾಗಿತ್ತು.

ಮಾಗಡಿಯ ದೊಡ್ಡಲಕ್ಷ್ಮಮ್ಮನಿಂದ ಮರುವರ್ಷ ಫೋನ್ ಬಂತು. ಅದೇ ಮೊಮ್ಮಗಳಿಗೆ ಸೀಮಂತ. ಮುನಿಕೃಷ್ಣ ಎರಡು ದಿನ ಮುಂಚೆಯೇ ಹೋಗಿ, ಮದುವೆಯಲ್ಲಿ ಯಾಕೆ ಹಾಗಾಯಿತೆಂದು ಒಂದನ್ನೂ ಬಿಡದೆ ಹೇಳಿದ. ಮುದುಕಿ ಜಗಲಿಯ ಮೇಲೆ ಕೂತು ಕೇಳಿದಳು. ಅವಳ ಬಾಯಲ್ಲಿ ಹಲ್ಲೇ ಇರಲಿಲ್ಲ, ಹೊಗೆಸೊಪ್ಪು ಹಾಕಿ ಹಾಕಿ ಹೋಗಿದ್ದವು.

“ಮೇಲಿನ್ ಸ್ವರ ಮುಂಚಿನಂಗೆ ನಿಲ್ಲಲ್ಲ ಅವ್ವ. ಬ್ಯಾರೆಯವ್ರುನ್ನ ಕರೀಬೌದು, ನಂಗೇನ್ ಬ್ಯಾಸ್ರಿಲ್ಲ.”

“ನಂಗೂ ಕಿವಿ ಮುಂಚಿನಂಗೆ ಕೇಳಲ್ಲ ಕಣಪ್ಪ,” ಅಂದಳು ಅವಳು. “ಬಂದು ಊದು.”

ಊದಿದ. ಈಗ ಅವನು ಮೂರು ತಿಂಗಳಿಗೊಮ್ಮೆ ರಾಮನಗರಕ್ಕೆ ಹೋಗಿ ವಸಡು ತೋರಿಸಿ ಬರುತ್ತಾನೆ. ಛತ್ರದಲ್ಲಿ ಮುಹೂರ್ತಕ್ಕೆ ಕಾಯುತ್ತ ಕೂತಾಗ ಕೈ ಒಮ್ಮೊಮ್ಮೆ ಖಾಲಿ ಜೇಬಿಗೆ ಹೋಗುತ್ತದಂತೆ. ಆಗ ಎದ್ದು ಒಂದು ಸುತ್ತು ನಡೆದು ಬರುತ್ತಾನೆ. ಕಟ್ಟಿದ ಎರಡು ಹಲ್ಲುಗಳಲ್ಲಿ ಎಡಗಡೆಯದರ ಮೇಲೆ ನೂರೀನ್‌ಗೆ ಹೆಚ್ಚು ಭರವಸೆಯಿಲ್ಲ. ಈ ಆಷಾಢದಲ್ಲಿ ಅವರು ಮತ್ತೆ ಎಕ್ಸ್‌ರೇ ತೆಗೆದರು. ಹೋದ ಮೂಳೆ ಬಂದಿಲ್ಲ, ಇದ್ದದ್ದು ಮುಂದಕ್ಕೆ ಕರಗಿಯೂ ಇಲ್ಲ. ಮುನಿಕೃಷ್ಣ ಅಷ್ಟನ್ನು ಫೋನಿನಲ್ಲಿ ರಾಧಾಮಣಿಗೆ ತಿಳಿಸಿ ಕನಕಪುರದ ಬಸ್ಸು ಹತ್ತಿದ.